ಬಿಡಿಎಸ್ ಸೀಟು: ಅನುಮತಿ ಎಷ್ಟಕ್ಕೆ, ಕೋರ್ಟ್ ಆದೇಶ ಎಲ್ಲಿಯವರೆಗೆ?

ನೀಟ್ ಫಲಿತಾಂಶ ಬಂದು ಸೀಟು ಹಂಚಿಕೆಯ ಸುತ್ತುಗಳು ಶುರುವಾದವೆಂದರೆ ಓದುಗರ ಪ್ರಶ್ನೆಗಳೂ ಆ ಕಡೆಗೇ ತಿರುಗುತ್ತವೆ. ಈ ಸಂಚಿಕೆಗೆ ಬಂದವುಗಳಲ್ಲಿ ಹೆಚ್ಚಿನವು ದಂತ ವೈದ್ಯಕೀಯ ಕಾಲೇಜುಗಳ ಬಿಡಿಎಸ್ (ದಂತ ವೈದ್ಯ ಪದವಿ) ಸೀಟು ಸಂಖ್ಯೆ, ಅದರ ಸುತ್ತ ನಡೆಯುವ ಕೋರ್ಟು ವ್ಯಾಜ್ಯಗಳ ಬಗ್ಗೆ ಇವೆ. ಒಂದೇ ವಿಷಯ ಕೇಳಿದವರ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ನನ್ನ ಮಗಳು ಬಿಡಿಎಸ್ ಸೇರಬೇಕೆಂದಿದ್ದಾಳೆ. ನಮಗೆ ಹತ್ತಿರದ ಖಾಸಗಿ ಕಾಲೇಜಿನ ಬ್ರೋಷರ್‌ನಲ್ಲಿ 100 ಸೀಟು ಎಂದು ಅಚ್ಚಾಗಿದೆ. ಅಲ್ಲೇ ಓದುತ್ತಿರುವ ಹುಡುಗಿಯೊಬ್ಬಳು "ಆಂಟಿ, 50ಕ್ಕೆ ಮಾತ್ರ ಪರ್ಮಿಷನ್ ಇರೋದು, ಉಳಿದದ್ದು ಕೋರ್ಟಲ್ಲಿದೆ" ಎನ್ನುತ್ತಾಳೆ. ಯಾವುದನ್ನು ನಂಬಬೇಕು?
– ಒಬ್ಬ ತಾಯಿ, ದಾವಣಗೆರೆ

ಹುಡುಗಿಯ ಮಾತನ್ನು ನಂಬಿ, ಆದರೆ ಕಾಗದ ನೋಡಿ ನಂಬಿ.

ಒಂದು ಕಾಲೇಜಿನ ಸೀಟು ಎಂದಾಗ ಮೂರು ಬೇರೆ ಬೇರೆ ಸಂಖ್ಯೆಗಳು ಓಡಾಡುತ್ತಿರುತ್ತವೆ. ಕಾಲೇಜು ತಾನು ಹೇಳಿಕೊಳ್ಳುವುದು ಒಂದು, ವಿಶ್ವವಿದ್ಯಾಲಯ ಸಂಯೋಜನೆ ಕೊಟ್ಟದ್ದು ಇನ್ನೊಂದು, ಕೇಂದ್ರ ಸರ್ಕಾರ ಅನುಮತಿ ಪತ್ರದಲ್ಲಿ ಬರೆದದ್ದು ಮೂರನೆಯದು. ಕೊನೆಗೆ ಲೆಕ್ಕಕ್ಕೆ ಬರುವುದು ಮೂರನೆಯದು ಮಾತ್ರ. 1948ರ ದಂತವೈದ್ಯರ ಕಾಯ್ದೆಗೆ 1993ರಲ್ಲಿ ತಿದ್ದುಪಡಿ ತಂದು 10ಎ ಕಲಂ ಸೇರಿಸಿದರು. ಹೊಸ ಕಾಲೇಜು ತೆರೆಯಲಿ, ಹೊಸ ಕೋರ್ಸ್ ಆರಂಭಿಸಲಿ, ಇದ್ದ ಸೀಟು ಹೆಚ್ಚಿಸಲಿ, ಮೂರಕ್ಕೂ ಕೇಂದ್ರದ ಪೂರ್ವಾನುಮತಿ ಬೇಕು. ಭಾರತೀಯ ದಂತ ವೈದ್ಯಕೀಯ ಪರಿಷತ್ತು, ಅಂದರೆ ಡಿಸಿಐ, ಪರಿಶೀಲಿಸಿ ಶಿಫಾರಸು ಮಾಡುತ್ತದೆ. ಆದೇಶ ಹೊರಡುವುದು ಸಚಿವಾಲಯದಿಂದ. ರಾಜ್ಯ ಸರ್ಕಾರವೋ ವಿಶ್ವವಿದ್ಯಾಲಯವೋ ತನ್ನ ಕಾನೂನಿನಡಿ ಸೀಟು ಏರಿಸಿಕೊಡಬಹುದೇ ಎಂಬ ಪ್ರಶ್ನೆ ವೈದ್ಯಕೀಯ ಕಾಲೇಜುಗಳ ವಿಷಯದಲ್ಲಿ ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿ, 1998ರಲ್ಲಿ "ಇಲ್ಲ" ಎಂದು ತೀರ್ಮಾನವಾಗಿದೆ. ದಂತ ಕಾಲೇಜಿಗೂ ಅದೇ ತತ್ವ.

ಅನುಮತಿ ಮೀರಿದ ಸೀಟಿನಲ್ಲಿ ಓದಿದರೆ ಏನಾಗುತ್ತದೆಂದು 10ಬಿ ಕಲಂ ಹೇಳುತ್ತದೆ: ಆ ಹೆಚ್ಚಳದ ಆಧಾರದ ಮೇಲೆ ಪಡೆದ ಪದವಿಗೆ ಮಾನ್ಯತೆ ಇಲ್ಲ. ಮಾನ್ಯತೆ ಇಲ್ಲದ ಪದವಿಗೆ ರಾಜ್ಯ ದಂತ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ಕ್ಲಿನಿಕ್ ಇಡುವ ಹಾಗಿಲ್ಲ. ಐದು ವರ್ಷದ ಓದು ಗೋಡೆಗೆ ತೂಗುಹಾಕುವ ಕಾಗದವಾಗಿ ಉಳಿಯುತ್ತದೆ.

ಪರಿಶೀಲನೆ ಹೀಗೆ ಮಾಡಿ. ಮೊದಲು ಡಿಸಿಐ ಜಾಲತಾಣದಲ್ಲಿ ಕಾಲೇಜುಗಳ ಪಟ್ಟಿ ತೆರೆದು ನಿಮ್ಮ ಕಾಲೇಜಿನ ಮುಂದೆ ಬಿಡಿಎಸ್‌ಗೆ ಎಷ್ಟು ಸೀಟು ಎಂದಿದೆ, "ಮಾನ್ಯತೆ ಪಡೆದ" ಎಂದಿದೆಯೋ "ಅನುಮತಿ ಪಡೆದ" ಎಂದಿದೆಯೋ ನೋಡಿ. ಅನುಮತಿ ಎಂದರೆ ಓದಿಸಲು ಒಪ್ಪಿಗೆ. ಮಾನ್ಯತೆ ಎಂದರೆ ಅಲ್ಲಿಯ ಪದವಿ ಕಾಯ್ದೆಯ ಅನುಸೂಚಿಗೆ ಸೇರಿದೆ ಎಂದು ಅರ್ಥ. ಹೊಸ ಕಾಲೇಜಿಗೆ ಮೊದಲ ತಂಡ ಅಂತಿಮ ವರ್ಷದ ಪರೀಕ್ಷೆ ಬರೆಯುವವರೆಗೂ ಅನುಮತಿ ಮಾತ್ರ ಇರುತ್ತದೆ, ಅದನ್ನೂ ವರ್ಷ ವರ್ಷ ನವೀಕರಿಸಬೇಕು. ಆಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಆ ವರ್ಷ ಪ್ರಕಟಿಸುವ ಸೀಟ್ ಮ್ಯಾಟ್ರಿಕ್ಸ್ ನೋಡಿ. ಸರ್ಕಾರಿ ಕೋಟಾ, ಖಾಸಗಿ, ಎನ್‌ಆರ್‌ಐ ಎಲ್ಲವನ್ನೂ ಕೂಡಿಸಿದಾಗ ಡಿಸಿಐ ಸಂಖ್ಯೆಯನ್ನು ಮೀರಬಾರದು. ಡೀಮ್ಡ್ ವಿಶ್ವವಿದ್ಯಾಲಯವಾದರೆ ಕೆಇಎ ಬದಲು ದೆಹಲಿಯ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯ (ಎಂಸಿಸಿ) ಪಟ್ಟಿ ನೋಡಬೇಕು. ಅವರಿಗೂ 10ಎ ಅನ್ವಯಿಸುತ್ತದೆ.

ಕೊನೆಯದಾಗಿ ಕಾಲೇಜಿನ ಕಚೇರಿಯಲ್ಲಿ ಅನುಮತಿ ಪತ್ರದ ಪ್ರತಿ ಕೇಳಿ. ಅದರಲ್ಲಿ ಶೈಕ್ಷಣಿಕ ವರ್ಷ ಯಾವುದೆಂದು ಓದಿ. ಮೂರು ವರ್ಷ ಹಿಂದಿನ ಪತ್ರವನ್ನು ಫ್ರೇಮ್ ಹಾಕಿಸಿ ತೋರಿಸುವುದು ಹಳೆಯ ಚಾಳಿ.

ಪ್ರಶ್ನೆ: ಸೀಟು ಹೆಚ್ಚಿಸಲು ಕೇಂದ್ರ ಒಪ್ಪದಿದ್ದಕ್ಕೆ ಕಾಲೇಜಿನವರು ಹೈಕೋರ್ಟಿಗೆ ಹೋಗಿ ಸ್ಟೇ ತಂದಿದ್ದಾರಂತೆ. "ಸ್ಟೇ ಇದೆ, ಧೈರ್ಯವಾಗಿ ಸೇರಿಸಿ" ಎಂದು ಮಧ್ಯವರ್ತಿ ಹೇಳುತ್ತಿದ್ದಾರೆ. ಕೋರ್ಟೇ ಆದೇಶ ಕೊಟ್ಟ ಮೇಲೆ ಭಯವೇಕೆ?
– ಒಬ್ಬ ತಂದೆ, ವಿಜಯಪುರ

ಸ್ಟೇ ಯಾವುದಕ್ಕೆ ಸಿಕ್ಕಿದೆ ಎಂಬುದರಲ್ಲೇ ಎಲ್ಲ ಇದೆ.

ಕಾಲೇಜಿಗೆ ಮೊದಲೇ 100 ಸೀಟಿಗೆ ಮಾನ್ಯತೆ ಇತ್ತು, ಈ ವರ್ಷ ಅದನ್ನು 50ಕ್ಕೆ ಇಳಿಸಿ ಆದೇಶ ಬಂತು, ಆ ಆದೇಶಕ್ಕೆ ತಡೆ ಸಿಕ್ಕಿತು ಎಂದುಕೊಳ್ಳಿ. ಆಗ ಹಿಂದಿನ ಸ್ಥಿತಿ, ಅಂದರೆ 100, ಸದ್ಯಕ್ಕೆ ಉಳಿಯುತ್ತದೆ. ಅಪಾಯ ಇದ್ದರೂ ನಿಲ್ಲಲು ನೆಲವಿದೆ. ನೀವು ಹೇಳುವುದು ಇದರ ತಿರುವುಮುರುವು: 50 ಇತ್ತು, 100 ಕೇಳಿದರು, ಕೇಂದ್ರ ನಿರಾಕರಿಸಿತು, ನಿರಾಕರಣೆಗೆ ತಡೆ ಸಿಕ್ಕಿತು. ಹೊಸ ರೂಟಿಗೆ ಪರ್ಮಿಟ್ ಕೊಡೆವು ಎಂದ ಆದೇಶಕ್ಕೆ ತಡೆ ತಂದಮಾತ್ರಕ್ಕೆ ಬಸ್ಸಿನ ಕೈಗೆ ಪರ್ಮಿಟ್ ಬಂದಂತಾಯಿತೇ? ಬೇಡ ಎಂದದ್ದು ತಡೆಯಾದರೆ ಅರ್ಜಿ ಬಾಕಿ ಉಳಿದಂತಾಯಿತು, ಅಷ್ಟೆ. ಹೊಸ ಕಾಲೇಜುಗಳ ವಾರ್ಷಿಕ ನವೀಕರಣದ ಕತೆಯೂ ಇದೇ. ಹಿಂದಿನ ವರ್ಷದ ಅನುಮತಿ ಮುಗಿದಿರುತ್ತದೆ, ನವೀಕರಣ ನಿರಾಕರಿಸಿದ್ದಕ್ಕೆ ತಡೆ ಸಿಕ್ಕರೂ ಈ ವರ್ಷದ ಪತ್ರ ಹುಟ್ಟುವುದಿಲ್ಲ.

ಹಾಗಾಗಿಯೇ ಕಾಲೇಜಿನ ವಕೀಲರು ಬರೀ ತಡೆ ಕೇಳುವುದಿಲ್ಲ. "ಕೌನ್ಸೆಲಿಂಗ್‌ನಲ್ಲಿ ಭಾಗವಹಿಸಲು ಬಿಡಿ, ಅಂತಿಮ ತೀರ್ಪಿಗೆ ಒಳಪಟ್ಟು ಪ್ರವೇಶ ಕೊಡುತ್ತೇವೆ" ಎಂದು ಕೇಳುತ್ತಾರೆ. ಇಂಥ ಮಧ್ಯಂತರ ಆದೇಶಗಳ ಬಗ್ಗೆ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಗದರಿದೆ. 2012ರಲ್ಲಿ ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಪ್ರಕರಣದಲ್ಲಿ, ಸೀಟು ಹೆಚ್ಚಳಕ್ಕೆ ನಮ್ಮ ಹೈಕೋರ್ಟ್ ಕೊಟ್ಟಿದ್ದ ಮಧ್ಯಂತರ ಆದೇಶದ ಕುರಿತು ಈ ಮಾತು ಬಂತು. ದಂತ ಕಾಲೇಜಿನದೇ ಉದಾಹರಣೆ ಬೇಕೆಂದರೆ ಮಹಾರಾಷ್ಟ್ರದ ಹಿಂಗೋಲಿಯ ಟ್ರಸ್ಟ್ ಒಂದರ ಪ್ರಕರಣವಿದೆ. ಎಂಡಿಎಸ್ (ಸ್ನಾತಕೋತ್ತರ ದಂತ ವೈದ್ಯ ಪದವಿ) ಸೀಟುಗಳಿಗೆ ಕೇಂದ್ರ ಅನುಮತಿ ಕೊಡಲಿಲ್ಲ. ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಆ ನಿರಾಕರಣೆಗೆ ತಡೆ ಕೊಟ್ಟು ಕೌನ್ಸೆಲಿಂಗ್‌ಗೆ ದಾರಿ ಮಾಡಿತು. ಡಿಸಿಐ ಮೇಲ್ಮನವಿ ಹೋಯಿತು. 2017ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಇಂಥ ವಿಷಯದಲ್ಲಿ ಮಧ್ಯಂತರ ಹಂತದಲ್ಲೇ ಪ್ರವೇಶಕ್ಕೆ ಬಿಟ್ಟರೆ ಕೊನೆಗೆ ವಿದ್ಯಾರ್ಥಿಗಳ ಗೋಳನ್ನೇ ಮುಂದಿಟ್ಟುಕೊಂಡು ಕಾಲೇಜು ಗೆಲ್ಲುತ್ತದೆ ಎಂಬುದು ಇಲ್ಲಿನ ಮುಖ್ಯ ಆಕ್ಷೇಪ.

ವಿದ್ಯಾರ್ಥಿಗಳನ್ನು ಹೊರಗೆ ಹಾಕಿದ್ದು ಅಪರೂಪ ಎಂಬುದೂ ನಿಜ, ಮಧ್ಯವರ್ತಿಗಳ ಧೈರ್ಯಕ್ಕೆ ಅದೇ ಬಂಡವಾಳ. ಭುವನೇಶ್ವರದ ಕಳಿಂಗ ವೈದ್ಯಕೀಯ ಸಂಸ್ಥೆ 100 ಸೀಟನ್ನು 150ಕ್ಕೆ ಏರಿಸಿಕೊಳ್ಳಲು ಹೊರಟಾಗ ಹೈಕೋರ್ಟ್ ಆದೇಶದ ಬಲದಿಂದ ಸೇರಿದ ವಿದ್ಯಾರ್ಥಿಗಳನ್ನು 2016ರಲ್ಲಿ ಸುಪ್ರೀಂ ಕೋರ್ಟ್ ಉಳಿಸಿತು, ಸಂಸ್ಥೆಗೆ 5 ಕೋಟಿ ರೂಪಾಯಿ ದಂಡ ಹಾಕಿತು, ಆ ಹಣವನ್ನು ಯಾವುದೇ ರೂಪದಲ್ಲಿ ವಿದ್ಯಾರ್ಥಿಗಳಿಂದ ವಸೂಲಿ ಮಾಡಕೂಡದು ಎಂದೂ ಬರೆಯಿತು. ಆದರೆ ಉಳಿಸಿದ್ದು ಆ ಪ್ರಕರಣದ ಮಟ್ಟಿಗೆ ತೋರಿದ ದಯೆ. ಮುಂದಿನ ತಂಡಕ್ಕೆ ಅದು ಹಕ್ಕಾಗುವುದಿಲ್ಲ. ನಡುವೆ ಆಗುವ ಪಾಡನ್ನೂ ಲೆಕ್ಕಕ್ಕೆ ಹಿಡಿಯಿರಿ: ವಿಶ್ವವಿದ್ಯಾಲಯ ನೋಂದಣಿ ಸಂಖ್ಯೆ ಕೊಡದೆ ತಡೆಹಿಡಿಯುತ್ತದೆ, ಹಾಲ್‌ಟಿಕೆಟ್‌ಗೆ ಹೈಕೋರ್ಟಿನಲ್ಲಿ ಮತ್ತೊಂದು ರಿಟ್ ಅರ್ಜಿ, ಫಲಿತಾಂಶ ಪ್ರಕಟಿಸಲು ಇನ್ನೊಂದು. ಬಿಡಿಎಸ್ ಪಠ್ಯದ ಜೊತೆ ಕೋರ್ಟಿನ ಕಾಸ್ ಲಿಸ್ಟ್ (ದಿನದ ಪ್ರಕರಣಗಳ ಪಟ್ಟಿ) ಓದುವುದೂ ಅಭ್ಯಾಸವಾಗುತ್ತದೆ.

ಆದೇಶದ ಪ್ರತಿಯನ್ನು ಮಧ್ಯವರ್ತಿಯ ವಾಟ್ಸಾಪ್‌ನಿಂದ ತೆಗೆದುಕೊಳ್ಳಬೇಡಿ. ಕರ್ನಾಟಕ ಹೈಕೋರ್ಟ್ ಜಾಲತಾಣದಲ್ಲಿ ಕೇಸ್ ಸ್ಟೇಟಸ್‌ಗೆ ಹೋಗಿ ಪೀಠ ಆರಿಸಿ, ಕಾಲೇಜು ನಡೆಸುವ ಟ್ರಸ್ಟಿನ ಹೆಸರು ಹಾಕಿ ಹುಡುಕಿ. ಅರ್ಜಿ ಕಾಲೇಜಿನ ಹೆಸರಿಗಿಂತ ಟ್ರಸ್ಟಿನ ಹೆಸರಲ್ಲಿ ಇರುವುದೇ ಹೆಚ್ಚು. ನಿಮ್ಮ ಕಡೆಯವಾದರೆ ಕಲಬುರಗಿ ಪೀಠವನ್ನೂ ಬೆಂಗಳೂರನ್ನೂ ಎರಡನ್ನೂ ನೋಡಿ. ಶಿಕ್ಷಣದ ರಿಟ್‌ಗಳ ಸಂಖ್ಯೆಯ ಮುಂದೆ ಇಡಿಎನ್ ಎಂಬ ಗುರುತಿರುತ್ತದೆ. ಆದೇಶ ಸಿಕ್ಕ ಮೇಲೆ ಕೊನೆಯ ಎರಡು ಪ್ಯಾರಾ ನಿಧಾನವಾಗಿ ಓದಿ. ಎಷ್ಟು ಸೀಟಿಗೆ, ಯಾವ ವರ್ಷಕ್ಕೆ, ಮುಂದಿನ ದಿನಾಂಕದವರೆಗೆ ಮಾತ್ರವೇ, ಪ್ರವೇಶ ಪಡೆದವರು ಮುಂದೆ ಯಾವ ಹಕ್ಕನ್ನೂ ಮಂಡಿಸುವಂತಿಲ್ಲ ಎಂಬ ಷರತ್ತಿದೆಯೇ? ಈ ಷರತ್ತು ಇದ್ದಲ್ಲಿ ನಮ್ಮ ಸಲಹೆ ನೇರ: ಸೇರಿಸಬೇಡಿ. ವಿಚಾರಣೆ ಮುಂದೂಡಿದ ಆದೇಶವನ್ನೇ ಸ್ಟೇ ಎಂದು ತೋರಿಸುವವರೂ ಇದ್ದಾರೆ.

ಪ್ರಶ್ನೆ: ನಮ್ಮ ಟ್ರಸ್ಟ್ ಹೊಸ ದಂತ ಕಾಲೇಜಿಗೆ ಅರ್ಜಿ ಹಾಕಿ ವರ್ಷ ಕಳೆಯಿತು. ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಂತೆ ಎಂದು ಕಾಯ್ದೆಯಲ್ಲೇ ಇದೆಯಂತೆ, ಹೌದೇ? ನಮ್ಮದೇ ಆಸ್ಪತ್ರೆ ಇದೆ.
– ಟ್ರಸ್ಟಿಯೊಬ್ಬರು, ತುಮಕೂರು

10ಎ(5) ಹಾಗೆ ಹೇಳುತ್ತದೆ: ಯೋಜನೆ ಸಲ್ಲಿಸಿ ಒಂದು ವರ್ಷದೊಳಗೆ ಆದೇಶ ಹೊರಡದಿದ್ದರೆ ಒಪ್ಪಿಗೆ ಸಿಕ್ಕಿದೆ ಎಂದು ಭಾವಿಸಬೇಕು. ಅದರ ಬೆನ್ನಿಗೇ 10ಎ(6) ಇದೆ. ಮಾಹಿತಿ ಕೇಳಿ ಪತ್ರ ಬಂದಾಗ ನೀವು ಉತ್ತರಿಸಲು ತೆಗೆದುಕೊಂಡ ಸಮಯವನ್ನು ಆ ಒಂದು ವರ್ಷದ ಲೆಕ್ಕಕ್ಕೆ ಹಿಡಿಯುವಂತಿಲ್ಲ. ನ್ಯೂನತೆ ಪತ್ರಕ್ಕೆ ನಾಲ್ಕು ತಿಂಗಳು ಬಿಟ್ಟು ಉತ್ತರಿಸಿದ್ದರೆ ನಿಮ್ಮ ವರ್ಷ ಹದಿನಾರು ತಿಂಗಳಾಯಿತು. ಅರ್ಜಿಯೇ ಅಪೂರ್ಣವೆಂದು ವಾಪಸಾಗಿದ್ದರೆ ಲೆಕ್ಕ ಶುರುವಾಗಿತ್ತೇ ಎಂಬುದೇ ವಿವಾದ. ರಾಜ್ಯದ ಅಗತ್ಯತಾ ಪ್ರಮಾಣಪತ್ರ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಒಪ್ಪಿಗೆ, ಜಮೀನಿನ ದಾಖಲೆ, ಇವಿಷ್ಟೂ ಅರ್ಜಿಯ ಜೊತೆಗೇ ಹೋಗಿದ್ದವೇ ನೋಡಿಕೊಳ್ಳಿ. ಈ ಕಲಮನ್ನು ನಂಬಿ ತಾವಾಗಿಯೇ ಪ್ರವೇಶ ಶುರು ಮಾಡುವುದಂತೂ ಬೇಡ. ಹೈಕೋರ್ಟಿನಲ್ಲಿ ಘೋಷಣೆ ಪಡೆದ ಮೇಲೆ ಮಾತ್ರ.

ನಿಮಗೆ ನಿಜವಾಗಿ ತೊಡಕಾಗುವುದು ಆಸ್ಪತ್ರೆಯ ಮಾತು. ಡಿಸಿಐನ 2006ರ ನಿಯಮಾವಳಿಯಲ್ಲಿ ಮೊದಲು ಎರಡು ದಾರಿ ಇದ್ದವು: ಟ್ರಸ್ಟಿನದೇ 100 ಹಾಸಿಗೆಯ ಸಾಮಾನ್ಯ ಆಸ್ಪತ್ರೆ, ಇಲ್ಲವೇ ರಸ್ತೆಯ ಮೂಲಕ 10 ಕಿಲೋಮೀಟರ್ ಒಳಗಿನ ವೈದ್ಯಕೀಯ ಕಾಲೇಜಿನ ಜೊತೆ ಜೋಡಣೆ. 2012ರಲ್ಲಿ ಮೊದಲ ದಾರಿಯನ್ನು ತೆಗೆದುಹಾಕಿದರು. ಜೈಪುರದ ಬಿಯಾನಿ ಶಿಕ್ಷಣ ಸಮಿತಿ ಅದನ್ನು ಪ್ರಶ್ನಿಸಿತು, ರಾಜಸ್ಥಾನ ಹೈಕೋರ್ಟ್ ತಿದ್ದುಪಡಿಯನ್ನು ಹೊಡೆದುಹಾಕಿತು, ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಹೈಕೋರ್ಟ್ ತೀರ್ಪನ್ನು ತಳ್ಳಿಹಾಕಿ ತಿದ್ದುಪಡಿ ಸರಿ ಎಂದಿತು. ಅಂಗರಚನೆ, ಶರೀರಕ್ರಿಯೆ, ಸಾಮಾನ್ಯ ಔಷಧ, ಸಾಮಾನ್ಯ ಶಸ್ತ್ರಚಿಕಿತ್ಸೆ ಇವನ್ನೆಲ್ಲ ಬಿಡಿಎಸ್ ವಿದ್ಯಾರ್ಥಿ ಕಲಿಯಲೇಬೇಕು, ಅದಕ್ಕೆ ವೈದ್ಯಕೀಯ ಕಾಲೇಜಿನ ಅಧ್ಯಾಪಕರೂ ವಾರ್ಡುಗಳೂ ಬೇಕು ಎಂಬುದು ಅದರ ಹಿಂದಿನ ಕಾರಣ. ಒಂದು ವೈದ್ಯಕೀಯ ಕಾಲೇಜಿಗೆ ಒಂದೇ ದಂತ ಕಾಲೇಜು ಎಂಬ ಮಿತಿಯೂ ಇರುವುದರಿಂದ ಹತ್ತಿರದ ಕಾಲೇಜು ಈಗಾಗಲೇ ಬೇರೆಯವರಿಗೆ ಒಪ್ಪಿಗೆ ಕೊಟ್ಟಿದೆಯೇ ಎಂದು ಮೊದಲು ವಿಚಾರಿಸಿ.

ನಿರಾಕರಣೆಯೇ ಬಂದರೆ, ಕೋರ್ಟಿನಲ್ಲಿ ಕಾಲೇಜುಗಳ ಪರ ನಿಲ್ಲುವ ವಾದ ಬಹುಪಾಲು ಒಂದೇ. 10ಎ(4)ರ ಪ್ರಕಾರ ಅಹವಾಲು ಕೇಳದೆ ಯೋಜನೆಯನ್ನು ತಿರಸ್ಕರಿಸುವಂತಿಲ್ಲ. ಅಹವಾಲಿಗೆ ಕರೆಯಲೇ ಇಲ್ಲ, ಅಥವಾ ಕರೆದು ನೀವು ಕೊಟ್ಟ ದಾಖಲೆ ನೋಡದೆ ಹಿಂದಿನ ಇನ್‌ಸ್ಪೆಕ್ಷನ್ ವರದಿಯನ್ನೇ ಎತ್ತಿ ಬರೆದರು ಎಂದು ತೋರಿಸಬಲ್ಲಿರಾದರೆ ಆದೇಶ ರದ್ದಾಗಿ ಮರುಪರಿಶೀಲನೆಗೆ ಹೋಗುತ್ತದೆ. ಸೌಕರ್ಯ ಸಾಕೋ ಸಾಲದೋ ಎಂಬ ಪ್ರಶ್ನೆಗೆ ನ್ಯಾಯಾಧೀಶರು ಸಾಮಾನ್ಯವಾಗಿ ಕೈಹಾಕುವುದಿಲ್ಲ. ಅಷ್ಟರಲ್ಲಿ ಪ್ರವೇಶದ ಕೊನೆಯ ದಿನ ದಾಟಿರುತ್ತದೆ, ಗೆದ್ದರೂ ಸೀಟು ಮುಂದಿನ ವರ್ಷಕ್ಕೆ.

ಪ್ರಶ್ನೆ: ದಂತ ಕಾಲೇಜಿನಲ್ಲಿ ಉಪನ್ಯಾಸಕನಾಗಿ ಹೊಸದಾಗಿ ಸೇರಿದ್ದೇನೆ. ಸೀಟು ಹೆಚ್ಚಳದ ಇನ್‌ಸ್ಪೆಕ್ಷನ್ ಬರಲಿದೆ. ಅವರು ಏನು ನೋಡುತ್ತಾರೆ? ಆ ದಿನಕ್ಕೆ ಮಾತ್ರ ಬಂದು ಹೋಗುವ ಕೆಲವರ ಹೆಸರನ್ನೂ ನಮ್ಮ ವಿಭಾಗಕ್ಕೆ ಹಾಕಿದ್ದಾರೆ. ಸಹಿ ಮಾಡಲೇ?
– ಹೆಸರು ಬೇಡ, ಕಲಬುರಗಿ

ಎರಡನೆಯದಕ್ಕೆ ಮೊದಲು ಉತ್ತರ: ಮಾಡಬೇಡಿ. ಅಧ್ಯಾಪಕರ ಘೋಷಣಾ ಪತ್ರಕ್ಕೆ ಸಹಿ ಮಾಡುವವರು ಕಾಲೇಜಿನ ಪರವಾಗಿ ಅಲ್ಲ, ತಮ್ಮ ನೋಂದಣಿ ಸಂಖ್ಯೆಯನ್ನು ಒತ್ತೆಯಿಟ್ಟು ಸಹಿ ಮಾಡುತ್ತಾರೆ. ಸುಳ್ಳೆಂದು ಸಾಬೀತಾದರೆ ಕಾಲೇಜಿಗೆ ಒಂದು ವರ್ಷದ ಸೀಟು ಹೋಗಬಹುದು, ನಿಮ್ಮ ಮೇಲೆ ಶಿಸ್ತು ಕ್ರಮ ಬಂದರೆ ಹೋಗುವುದು ಹೊಟ್ಟೆಪಾಡು. ಒಬ್ಬರ ಹೆಸರು ಎರಡು ಕಾಲೇಜಿನ ಪಟ್ಟಿಯಲ್ಲಿ ಇರುವುದು ಈಗ ಸುಲಭವಾಗಿ ಸಿಕ್ಕಿಬೀಳುತ್ತದೆ: ರಾಜ್ಯ ಪರಿಷತ್ತಿನ ನೋಂದಣಿ, ಹಿಂದಿನ ಕಾಲೇಜಿನ ರಿಲೀವಿಂಗ್ ಪತ್ರ, ಫಾರಂ 16, ಬ್ಯಾಂಕಿಗೆ ಬಿದ್ದ ಸಂಬಳ, ಬಯೋಮೆಟ್ರಿಕ್ ಹಾಜರಾತಿ ಒಂದಕ್ಕೊಂದು ತಾಳೆಯಾಗಬೇಕು. ವಿಭಾಗದ ಮುಖ್ಯಸ್ಥರಿಗೆ ನಿಮ್ಮ ಆಕ್ಷೇಪವನ್ನು ಇಮೇಲ್‌ನಲ್ಲಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ.

ಇನ್ನು ನೋಡುವುದೇನು ಎಂಬುದು. ಪಳಗಿದ ಇನ್‌ಸ್ಪೆಕ್ಟರು ಡೆಂಟಲ್ ಚೇರುಗಳನ್ನು ಎಣಿಸಿ ಸುಮ್ಮನಾಗುವುದಿಲ್ಲ, ಕೂತು ಸ್ವಿಚ್ ಒತ್ತುತ್ತಾರೆ. ಲೈಟ್ ಹತ್ತುತ್ತದೆಯೇ, ಹಲ್ಲು ಕೊರೆಯುವ ಏರೋಟರ್‌ಗೆ ಕಂಪ್ರೆಸರ್‌ನಿಂದ ಗಾಳಿ ಬರುತ್ತದೆಯೇ, ತುದಿಯಲ್ಲಿ ನೀರು ಚಿಮ್ಮುತ್ತದೆಯೇ, ಸಕ್ಷನ್ ಎಳೆಯುತ್ತದೆಯೇ. ಬಾಡಿಗೆಗೆ ತಂದು ನಿಲ್ಲಿಸಿದ ಚೇರ್ ಇಲ್ಲೇ ಬಯಲಾಗುವುದು: ಬುಡದಲ್ಲಿ ನೀರಿನ ಪೈಪಿಗೂ ಡ್ರೈನಿಗೂ ಜೋಡಣೆ ಇರುವುದಿಲ್ಲ, ಉಗುಳು ಬಟ್ಟಲು ಒಣಗಿ ಬಿಳಿಚಿಕೊಂಡಿರುತ್ತದೆ. ಎಲ್ಲ ಚೇರನ್ನೂ ಒಟ್ಟಿಗೆ ಓಡಿಸಲು ಹೇಳಿದರೆ ಕಂಪ್ರೆಸರ್ ಸಾಮರ್ಥ್ಯವೂ ಗೊತ್ತಾಗಿಬಿಡುತ್ತದೆ. 50ಕ್ಕೆಂದು ಹಾಕಿದ ಕಂಪ್ರೆಸರ್‌ಗೆ 100ರ ಚೇರು ಸಿಕ್ಕಿಸಿದರೆ ಒತ್ತಡ ಬಿದ್ದು ಏರೋಟರ್ ತಿರುಗುವುದೇ ಇಲ್ಲ.

ರೋಗಿಗಳ ಲೆಕ್ಕ ಇದಕ್ಕಿಂತ ಸೂಕ್ಷ್ಮ. ಓಪಿಡಿ ಪುಸ್ತಕದಲ್ಲಿ ಎಷ್ಟು ಬೇಕಾದರೂ ಹೆಸರು ಬರೆಯಬಹುದು. ಆದರೆ ಅಂದು ಹಲ್ಲು ಕೀಳಿಸಿಕೊಂಡವರು ಅಷ್ಟು ಮಂದಿ ಎಂದಾದರೆ ಅರಿವಳಿಕೆ ಮದ್ದು ಸ್ಟೋರಿನಿಂದ ಅಷ್ಟು ಹೊರಹೋಗಿರಬೇಕು, ಉಪಕರಣಗಳನ್ನು ರೋಗಾಣುಮುಕ್ತ ಮಾಡುವ ಆಟೋಕ್ಲೇವ್‌ನ ಪುಸ್ತಕದಲ್ಲಿ ಅಷ್ಟು ಸೈಕಲ್ ಇರಬೇಕು, ಜೈವಿಕ ತ್ಯಾಜ್ಯದವರ ಬಾರ್‌ಕೋಡ್ ರಸೀದಿಯಲ್ಲಿ ಅದಕ್ಕೆ ತಕ್ಕ ತೂಕ ಇರಬೇಕು. ಈ ಪುಸ್ತಕಗಳನ್ನು ಬರೆಯುವವರು ಬೇರೆ ಬೇರೆ ಜನ; ಹಿಂದಿನ ರಾತ್ರಿ ಕೂತು ಹೊಂದಿಸಲು ಹೊರಟರೆ ಶಾಯಿಯೇ ಹೇಳಿಬಿಡುತ್ತದೆ. ಎಕ್ಸ್‌ರೇ ಯಂತ್ರಗಳಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ (ಎಇಆರ್‌ಬಿ) ನೋಂದಣಿ, ತ್ಯಾಜ್ಯಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ಇವೆರಡರ ಅವಧಿ ಮುಗಿದಿದೆಯೇ ಎಂದು ಈಗಲೇ ನೋಡಿಕೊಳ್ಳಿ. ಸಣ್ಣದೆಂದು ಬಿಟ್ಟದ್ದು ವರದಿಯ ನ್ಯೂನತೆ ಪಟ್ಟಿಯಲ್ಲಿ ಮೊದಲ ಸಾಲಾಗುತ್ತದೆ.

ಇದೆಲ್ಲ ಬರೀ ಕಾಗದದ ಕಾಟ ಎಂದು ಗೊಣಗುವ ಆಡಳಿತ ಮಂಡಳಿಗಳು ಒಂದು ಮರೆಯುತ್ತವೆ. ಬಿಡಿಎಸ್‌ನಲ್ಲಿ ಮೊದಲೆರಡು ವರ್ಷ ಪ್ರಿಕ್ಲಿನಿಕಲ್. ಹುಡುಗರು ಫ್ಯಾಂಟಮ್ ಹೆಡ್ (ಕೃತಕ ತಲೆ) ಮೇಲೆ, ಮೇಣ ಮತ್ತು ಪ್ಲಾಸ್ಟರ್‌ನಲ್ಲಿ ಕೈಪಳಗಿಸುತ್ತಾರೆ. ಸೀಟು ಏರಿಸಿದ್ದರ ಬಿಸಿ ತಟ್ಟುವುದು ಮೂರನೇ ವರ್ಷ ಕ್ಲಿನಿಕ್ಕಿಗೆ ಇಳಿದಾಗ. ಆಗ ಪ್ರತಿಯೊಬ್ಬರಿಗೂ ಇಂತಿಷ್ಟು ಹಲ್ಲು ಕೀಳುವುದು, ಇಂತಿಷ್ಟು ಫಿಲ್ಲಿಂಗ್, ಪೂರ್ಣ ದಂತಪಂಕ್ತಿ ಎಂದು ಕೋಟಾ ಇರುತ್ತದೆ. ಒಂದೂ ಹಲ್ಲಿಲ್ಲದ ಒಬ್ಬ ಅಜ್ಜನಿಗಾಗಿ ಇಬ್ಬರು ವಿದ್ಯಾರ್ಥಿಗಳು ಜಗಳಾಡುವುದು, ಬಸ್ಸಿನ ಖರ್ಚು ಕೊಟ್ಟು ಊರಿಂದ ನೆಂಟರನ್ನು ಕರೆತರುವುದು, ಇವೆಲ್ಲ ಸೀಟು ರೋಗಿಗಳಿಗಿಂತ ಮುಂದೆ ಓಡಿದ ಕಾಲೇಜುಗಳಲ್ಲಿ ನಡೆಯುತ್ತಲೇ ಇದೆ.

ಪ್ರಶ್ನೆ: ನಾನು ಮೂರನೇ ವರ್ಷದಲ್ಲಿದ್ದೇನೆ. ಈ ವರ್ಷ ನಮ್ಮ ಕಾಲೇಜಿನ ಸೀಟನ್ನು 100ರಿಂದ 50ಕ್ಕೆ ಇಳಿಸಿದ್ದಾರೆ. ನನ್ನ ಪದವಿಗೆ ತೊಂದರೆಯೇ?
– ವಿದ್ಯಾರ್ಥಿನಿ, ಹುಬ್ಬಳ್ಳಿ

ಇಲ್ಲ. ನೀವು ಸೇರಿದ ವರ್ಷದ ಅನುಮತಿಯೊಳಗೆ, ಕೆಇಎ ಹಂಚಿಕೆಯಲ್ಲೇ ಸೇರಿದ್ದರೆ ಇಳಿಕೆ ಮುಂದಿನ ತಂಡಗಳಿಗೆ ಮಾತ್ರ. ಹಂಚಿಕೆ ಪತ್ರ, ಆ ವರ್ಷದ ಅನುಮತಿ ಪತ್ರದ ಪ್ರತಿ, ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ ಮೂರನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ಕಾಲೇಜೇ ಮುಚ್ಚುವ ಮಟ್ಟಕ್ಕೆ ಹೋದರೆ, ಅನುಮತಿಯಂತೆ ಸೇರಿದ ವಿದ್ಯಾರ್ಥಿಗಳನ್ನು ಬೇರೆ ಕಾಲೇಜುಗಳಿಗೆ ಹಂಚಿಕೊಡಿ ಎಂದು ರಾಜ್ಯ ಸರ್ಕಾರಕ್ಕೂ ವಿಶ್ವವಿದ್ಯಾಲಯಕ್ಕೂ ಕೂಡಲೇ ಅರ್ಜಿ ಕೊಡಿ. ಒಬ್ಬೊಬ್ಬರೇ ಹೋಗುವುದಕ್ಕಿಂತ ಇಡೀ ತರಗತಿ ಒಟ್ಟಾಗಿ ಕೊಟ್ಟರೆ ಬೇಗ ಕೆಲಸವಾಗುತ್ತದೆ.

ಪ್ರಶ್ನೆ: ಮಗನಿಗೆ ನೀಟ್‌ನಲ್ಲಿ ಅರ್ಹತಾ ಪರ್ಸೆಂಟೈಲ್ ಬಂದಿಲ್ಲ. ಹೊರರಾಜ್ಯದ ಕಾಲೇಜೊಂದು "ಸೀಟು ಖಾಲಿ ಉಳಿದಿವೆ, ಕಟಾಫ್ ಇಳಿಸುತ್ತಾರೆ, ಈಗಲೇ ಸೇರಿಸಿ" ಎನ್ನುತ್ತಿದೆ. ಖಾಲಿ ಬೀಳುವುದಕ್ಕಿಂತ ತುಂಬುವುದು ಒಳ್ಳೆಯದಲ್ಲವೇ?
– ಒಬ್ಬ ಓದುಗರು, ಬಳ್ಳಾರಿ

ಕಟಾಫ್ ಇಳಿಯುವುದುಂಟು. ಇಳಿಸುವ ಅಧಿಕಾರ ಕೇಂದ್ರಕ್ಕೆ, ಪರಿಷತ್ತಿನೊಡನೆ ಸಮಾಲೋಚಿಸಿ. 2020–21ರಲ್ಲಿ ಸುಮಾರು 7,000 ಬಿಡಿಎಸ್ ಸೀಟು ಖಾಲಿ ಉಳಿದಿದ್ದರೂ ಕೇಂದ್ರ ಇಳಿಸಲು ಒಪ್ಪಲಿಲ್ಲ. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ನಿರ್ಧಾರವನ್ನು ಬದಿಗಿಟ್ಟು 10 ಪರ್ಸೆಂಟೈಲ್ ಇಳಿಸಲು ಹೇಳಿತು. ಇಳಿಸಿದ ಆದೇಶ ಹೊರಬಿದ್ದ ಮೇಲೆ ಸೇರುವುದಕ್ಕೂ ಇಳಿಯುತ್ತದೆಂಬ ನಂಬಿಕೆಯ ಮೇಲೆ ಸೇರುವುದಕ್ಕೂ ಅಜಗಜಾಂತರ.

ರಾಜಸ್ಥಾನದಲ್ಲಿ ಆದದ್ದನ್ನು ನೋಡಿ. 2016–17ರ ಬಿಡಿಎಸ್ ಪ್ರವೇಶದಲ್ಲಿ ರಾಜ್ಯ ಸರ್ಕಾರ ತಾನೇ 10, ಆಮೇಲೆ ಇನ್ನೂ 5 ಪರ್ಸೆಂಟೈಲ್ ಇಳಿಸಿತು, ಅದಕ್ಕೆ ಆ ಅಧಿಕಾರವೇ ಇರಲಿಲ್ಲ. ಕೆಲವು ಕಾಲೇಜುಗಳು ಅದಕ್ಕೂ ಕೆಳಗಿನವರನ್ನು ಸೇರಿಸಿಕೊಂಡವು. ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 2025ರ ಡಿಸೆಂಬರ್‌ನಲ್ಲಿ. ತಪ್ಪಿತಸ್ಥ ಕಾಲೇಜುಗಳಿಗೆ ತಲಾ 10 ಕೋಟಿ, ರಾಜ್ಯ ಸರ್ಕಾರಕ್ಕೆ 10 ಲಕ್ಷ ರೂಪಾಯಿ ದಂಡ ಬಿತ್ತು. ಓದು ಮುಗಿಸಿದವರ ಪದವಿಯನ್ನು ವಿಶೇಷಾಧಿಕಾರ ಬಳಸಿ ಉಳಿಸಿದರು, ವಿಪತ್ತಿನ ಹೊತ್ತಿಗೆ ಉಚಿತ ಸೇವೆ ಮಾಡುತ್ತೇವೆಂಬ ಪ್ರಮಾಣಪತ್ರ ಬರೆಸಿಕೊಂಡು. ಪ್ರವೇಶದಿಂದ ತೀರ್ಪಿನವರೆಗೆ ಒಂಬತ್ತು ವರ್ಷ! ಉತ್ತರ ಪ್ರದೇಶದ ಉನ್ನಾವ್‌ನ ವೈದ್ಯಕೀಯ ಕಾಲೇಜೊಂದು ಕೌನ್ಸೆಲಿಂಗ್ ಬಿಟ್ಟು ತಾನೇ ಸೇರಿಸಿಕೊಂಡ 132 ಮಂದಿ ವಿಷಯದಲ್ಲೂ 2021ರಲ್ಲಿ ಹೀಗೇ ಆಯಿತು: ಕಾಲೇಜಿಗೆ 5 ಕೋಟಿ ದಂಡ, ವಿದ್ಯಾರ್ಥಿಗಳು ಓದು ಮುಗಿಸಿ ಎರಡು ವರ್ಷ ಸಮುದಾಯ ಸೇವೆ ಮಾಡಬೇಕು.

ಖಾಲಿ ಸೀಟು ಕಾಲೇಜಿಗೆ ನಷ್ಟ, ನಿಮಗಲ್ಲ. ಇನ್ನೊಮ್ಮೆ ನೀಟ್ ಬರೆದರೆ ಹೋಗುವುದು ಒಂದು ವರ್ಷ.

ಪ್ರಶ್ನೆ: ಅನುಮತಿ ಇಲ್ಲದ ಸೀಟಿಗೆ ಸೇರಿಸಿ ಮೋಸ ಹೋದೆವು. ಕಟ್ಟಿದ ಹಣ, ಮೂಲ ಅಂಕಪಟ್ಟಿ ಎರಡೂ ಕಾಲೇಜಿನಲ್ಲೇ ಇವೆ. ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದೇ?
– ನೊಂದ ಪೋಷಕರು, ಕೋಲಾರ

ಬಿಹಾರದ ಬುದ್ಧಿಸ್ಟ್ ಮಿಷನ್ ದಂತ ಕಾಲೇಜು ವಿಶ್ವವಿದ್ಯಾಲಯದ ಸಂಯೋಜನೆಯೂ ಡಿಸಿಐ ಮಾನ್ಯತೆಯೂ ಇದೆಯೆಂದು ಜಾಹೀರಾತು ಕೊಟ್ಟು ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತ್ತು. ಎರಡೂ ಇರಲಿಲ್ಲ. ಶುಲ್ಕವನ್ನು ಶೇ 12ರ ಬಡ್ಡಿಯೊಂದಿಗೆ ಮರಳಿಸಲು ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿದ್ದನ್ನು ಸುಪ್ರೀಂ ಕೋರ್ಟ್ 2009ರಲ್ಲಿ ಎತ್ತಿಹಿಡಿಯಿತು. ಆದರೆ ಆಮೇಲಿನ ತೀರ್ಪುಗಳು ಶಿಕ್ಷಣ ಸಂಸ್ಥೆಗಳು ಗ್ರಾಹಕ ಕಾಯ್ದೆಯೊಳಗೆ ಬರುವುದಿಲ್ಲ ಎಂಬ ಕಡೆಗೆ ವಾಲಿವೆ, ರಾಷ್ಟ್ರೀಯ ಆಯೋಗವೂ 2020ರಲ್ಲಿ ಹಾಗೇ ಹೇಳಿತು. ಅದೊಂದನ್ನೇ ನಂಬಿ ಕೂರಬೇಡಿ.

ಅಂಕಪಟ್ಟಿಯಿಂದ ಶುರು ಮಾಡಿ. ಮೂಲ ದಾಖಲೆಗಳನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಪ್ರಾಂಶುಪಾಲರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಬರೆಯಿರಿ, ವಿಶ್ವವಿದ್ಯಾಲಯದ ಕುಲಸಚಿವರಿಗೆ ಪ್ರತಿ ಕಳಿಸಿ. ಹಣದ ವಿಷಯಕ್ಕೆ, ವೃತ್ತಿ ಶಿಕ್ಷಣ ಸಂಸ್ಥೆಗಳ ಪ್ರವೇಶ, ಶುಲ್ಕದ ಕುರಿತ 2006ರ ಕಾಯ್ದೆಯಡಿ ರಾಜ್ಯದಲ್ಲಿ ಪ್ರವೇಶ ಮೇಲ್ವಿಚಾರಣಾ ಸಮಿತಿ ಇದೆ, ಅಲ್ಲಿಗೆ ದೂರು ಕೊಡಿ. ನಿಗದಿತ ಶುಲ್ಕದ ಮೇಲೆ ರಸೀದಿಯಿಲ್ಲದೆ ಪಡೆದಿದ್ದರೆ 1984ರ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆಯೂ ಅನ್ವಯಿಸುತ್ತದೆ. ನಗದು ಕೊಟ್ಟವರ ಕೈಯಲ್ಲಿ ಸಾಮಾನ್ಯವಾಗಿ ಪುರಾವೆ ಇರುವುದಿಲ್ಲ. ಬ್ಯಾಂಕಿನಿಂದ ಹಣ ತೆಗೆದ ದಿನದ ಪಾಸ್‌ಬುಕ್ ನಮೂದು, ಮಧ್ಯವರ್ತಿಯ ಜೊತೆಗಿನ ಸಂದೇಶಗಳು, ಬ್ರೋಷರ್‌ನ ಆ ಪುಟ ಇವನ್ನೇ ಒಟ್ಟು ಮಾಡಿಕೊಳ್ಳಿ. ಬ್ರೋಷರ್ ಸುಳ್ಳೆಂದು ತೋರಿಸಲು ಆ ವರ್ಷದ ಅನುಮತಿ ಪತ್ರ ಬೇಕಾಗುತ್ತದೆ, ಅದನ್ನು ಕೇಂದ್ರ ಆರೋಗ್ಯ ಸಚಿವಾಲಯದಿಂದಲೂ ಡಿಸಿಐನಿಂದಲೂ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು.

ಪ್ರಶ್ನೆ: ಡಿಸಿಐ ಹೋಗಿ ಆಯೋಗ ಬರುತ್ತದೆ ಎನ್ನುತ್ತಾರಲ್ಲ, ಆಗ ಈ ಜಗಳಗಳು ನಿಲ್ಲುತ್ತವೆಯೇ?
– ನಿವೃತ್ತ ಅಧ್ಯಾಪಕರು, ಮಂಗಳೂರು

2023ರ ರಾಷ್ಟ್ರೀಯ ದಂತ ವೈದ್ಯಕೀಯ ಆಯೋಗ ಕಾಯ್ದೆ 1948ರ ಕಾಯ್ದೆಯ ಜಾಗಕ್ಕೆಂದು ಬಂದದ್ದು. ಅದರಲ್ಲಿ ಮೌಲ್ಯಮಾಪನ ಮತ್ತು ರೇಟಿಂಗ್‌ಗೆಂದೇ ಬೇರೆ ಮಂಡಳಿಯಿದೆ. ಕಾಲೇಜು ತೆರೆಯಲು, ಸೀಟು ಏರಿಸಲು ಅನುಮತಿ ಕೊಡುವುದು ಆ ಮಂಡಳಿ. ಎಚ್ಚರಿಕೆ, ದಂಡ, ಸೀಟು ಕಡಿತ, ಪ್ರವೇಶ ತಡೆ ಎಂದು ಶಿಕ್ಷೆಯ ಮೆಟ್ಟಿಲುಗಳನ್ನೂ ಅದರ ಕೈಗೆ ಕೊಟ್ಟಿದ್ದಾರೆ. ಹಳೆಯ ಪದ್ಧತಿಯಲ್ಲಿ ಕೊಡುವುದು, ಕೊಡದಿರುವುದು ಎರಡೇ ಇದ್ದುದರಿಂದ ಸಣ್ಣ ಕೊರತೆಗೂ ಇಡೀ ವರ್ಷದ ಪ್ರವೇಶ ನಿಲ್ಲುತ್ತಿತ್ತು, ಕಾಲೇಜುಗಳು ನೇರ ಹೈಕೋರ್ಟಿಗೆ ಓಡುತ್ತಿದ್ದವು. ನಡುವಿನ ಮೆಟ್ಟಿಲುಗಳು ಬಂದರೆ ಕೆಲವು ರಿಟ್‌ಗಳು ಕಡಿಮೆಯಾಗಬಹುದು. ಆದರೆ ಇನ್‌ಸ್ಪೆಕ್ಷನ್ ವರದಿ ತಡವಾಗಿ ಬಂದು, ನ್ಯೂನತೆಗೆ ಉತ್ತರ ಕೊಡುವಷ್ಟರಲ್ಲಿ ಕೌನ್ಸೆಲಿಂಗ್ ಸುತ್ತು ಮುಗಿಯುವುದು ಕ್ಯಾಲೆಂಡರಿನ ರೋಗ. ಕಾಯ್ದೆಯ ಹೆಸರು ಬದಲಾದಮಾತ್ರಕ್ಕೆ ಅದು ವಾಸಿಯಾಗುವ ಲಕ್ಷಣ ಕಾಣುವುದಿಲ್ಲ.